ಆಟಗಾರನಿಗೆ ಎಂಬಿಎ: ಅಡ್ಡಿ ಇರುವುದೆಲ್ಲಿ?

ಸುಗ್ಗಿ ಮುಗಿದರೆ ಸಾಕು, ಹಾಸನ ಜಿಲ್ಲೆಯ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಹಳ್ಳಿಗಳಲ್ಲಿ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಯ ಫ್ಲೆಕ್ಸ್‌ಗಳು ಏಳುತ್ತವೆ. 2014ರಲ್ಲಿ ಪ್ರೊ ಕಬಡ್ಡಿ ಲೀಗ್ ಶುರುವಾದ ಮೇಲೆ, ಆಟದಿಂದಲೇ ಹೊಟ್ಟೆ ಹೊರೆಯಬಹುದೆಂಬ ಆಸೆಯೂ ಹುಡುಗರಲ್ಲಿ ಚಿಗುರಿದೆ. ಆದರೆ ಮೂವತ್ತರ ಆಸುಪಾಸಿನಲ್ಲಿ ಮಂಡಿ ಕೈಕೊಟ್ಟರೆ ಮುಂದೇನು? ಮನೆಯವರು, ಕೋಚ್‌ಗಳು ಸಾಮಾನ್ಯವಾಗಿ ಹೇಳುವುದು ಒಂದೇ ಮಾತು: ಕ್ರೀಡಾ ಕೋಟಾದಲ್ಲಿ ಪೊಲೀಸ್, ರೈಲ್ವೆ ಅಥವಾ ಬ್ಯಾಂಕ್ ಕೆಲಸ. ಬಿಸಿನೆಸ್ ಸ್ಕೂಲಿನ ಮಾತು ಬರುವುದು ಅಪರೂಪ.

ಆ ದಾರಿ ಹಿಡಿದವರಿದ್ದಾರೆ. ಭಾರತ ಹಾಕಿ ತಂಡದ ನಾಯಕರಾಗಿದ್ದ ವಿರೇನ್ ರಸ್ಕಿನ್ಹಾ 27ನೇ ವಯಸ್ಸಿಗೇ, 2008ರಲ್ಲಿ, ನಿವೃತ್ತಿ ಹೇಳಿ ಹೈದರಾಬಾದ್‌ನ ಇಂಡಿಯನ್ ಸ್ಕೂಲ್ ಆಫ್ ಬಿಸಿನೆಸ್ ಸೇರಿದರು. ಓದು ಮುಗಿಸಿದವರೇ ಪ್ರಕಾಶ್ ಪಡುಕೋಣೆ, ಗೀತ್ ಸೇಥಿ ಕಟ್ಟಿದ ಒಲಿಂಪಿಕ್ ಗೋಲ್ಡ್ ಕ್ವೆಸ್ಟ್ ಸಂಸ್ಥೆಗೆ ಬಂದು, ಮುಂದೆ ಅದರ ಚುಕ್ಕಾಣಿ ಹಿಡಿದರು. ರಾಹುಲ್ ದ್ರಾವಿಡ್‌ಗೆ ಭಾರತ ತಂಡದ ಕರೆ ಬಂದಾಗ ಅವರು ಬೆಂಗಳೂರಿನ ಸೇಂಟ್ ಜೋಸೆಫ್ಸ್‌ನಲ್ಲಿ ಎಂಬಿಎ ಓದುತ್ತಿದ್ದರು. ಹಾಸನದಲ್ಲೇ ಹುಟ್ಟಿದ ಸುಹಾಸ್ ಯತಿರಾಜ್ ಸುರತ್ಕಲ್‌ನಲ್ಲಿ ಎಂಜಿನಿಯರಿಂಗ್ ಮುಗಿಸಿ, ಐಎಎಸ್ ಅಧಿಕಾರಿಯಾಗಿದ್ದುಕೊಂಡೇ ಟೋಕಿಯೊ ಪ್ಯಾರಾಲಿಂಪಿಕ್ಸ್‌ನ ಬ್ಯಾಡ್ಮಿಂಟನ್‌ನಲ್ಲಿ ಬೆಳ್ಳಿ ಗೆದ್ದರು. ದಾರಿ ಬೇರೆ ಬೇರೆಯಾದರೂ ಮೂವರ ಕೈಯಲ್ಲೂ ಡಿಗ್ರಿ ಇತ್ತು.

ನಮ್ಮ ಹುಡುಗರು ಎಡವುವುದು ಅಲ್ಲೇ. ಐಐಎಂಗಳ ಕ್ಯಾಟ್ ಪರೀಕ್ಷೆಗೆ ಪದವಿಯಲ್ಲಿ ಕನಿಷ್ಠ ಶೇ 50, ಪರಿಶಿಷ್ಟರಿಗೆ ಮತ್ತು ಅಂಗವಿಕಲರಿಗೆ ಶೇ 45 ಅಂಕ ಬೇಕು. ಹತ್ತೊಂಬತ್ತು, ಇಪ್ಪತ್ತರ ವಯಸ್ಸಿನಲ್ಲಿ ಕ್ಯಾಂಪು, ಟೂರ್ನಿ ಎಂದು ಅಲೆಯುವಾಗ ಹಾಜರಾತಿ ಸಾಲುವುದಿಲ್ಲ, ಬ್ಯಾಕ್‌ಲಾಗ್ ಉಳಿಯುತ್ತದೆ, ಕೊನೆಗೆ ಕಾಲೇಜೇ ತಪ್ಪಿಹೋಗುತ್ತದೆ. ಆಟ ಮುಗಿದ ಮೇಲೆ ಅರ್ಜಿ ತುಂಬಲು ಕುಳಿತರೆ, ಪದಕಗಳ ರಾಶಿಯಿದ್ದರೂ ವಿದ್ಯಾರ್ಹತೆಯ ಕಾಲಂ ಖಾಲಿ.

ಡಿಗ್ರಿ ಇದ್ದವರೂ ಆಟವನ್ನು ಅನುಭವವಾಗಿ ಹೇಳಲು ಕಲಿಯಬೇಕು. ಸಂದರ್ಶಕರಿಗೆ ಟ್ರೋಫಿಗಳ ಪಟ್ಟಿಯಿಂದ ಹೆಚ್ಚೇನೂ ತಿಳಿಯದು. ಸತತ ಎರಡು ರೇಡ್ ಖಾಲಿ ಹೋಗಿ ಮೂರನೆಯದು ‘ಡೂ ಆರ್ ಡೈ’ ಆದಾಗ, 30 ಸೆಕೆಂಡಿನೊಳಗೆ ಯಾವ ಡಿಫೆಂಡರ್ ಮೇಲೆ ಹೋಗಬೇಕೆಂದು ನಿರ್ಧರಿಸಿದ್ದು ಹೇಗೆ? ಫಾರ್ಮ್ ಕಳೆದುಕೊಂಡ ಗೆಳೆಯನನ್ನು ಹೊರಗೆ ಕೂರಿಸಿಯೂ ತಂಡ ಒಡೆಯದಂತೆ ನೋಡಿಕೊಂಡದ್ದು ಹೇಗೆ? ಸೋತ ಪಂದ್ಯವನ್ನೂ ಸೇರಿಸಿ ಇವನ್ನು ಬಿಡಿಸಿ ಹೇಳಬಲ್ಲವನ ಅರ್ಜಿಗೆ ತೂಕ ಬರುತ್ತದೆ. ಹಾಗೆಂದು ಕ್ಯಾಟ್‌ನ ಗಣಿತದಿಂದ ವಿನಾಯಿತಿ ಸಿಗದು. ಶುಲ್ಕದ ಹೊರೆಯೂ ಸಣ್ಣದಲ್ಲ. ಎಲ್ಲರಿಗೂ ಎಂಬಿಎ ಬೇಕಾಗಿಯೂ ಇಲ್ಲ. ಬೇಕೆಂದವರಿಗೆ ಬಾಗಿಲು ಮುಚ್ಚಿರಬಾರದು, ಅಷ್ಟೆ.

ಕ್ರೀಡಾ ಇಲಾಖೆ ಮತ್ತು ವಿಶ್ವವಿದ್ಯಾಲಯ ಕೂತು ಮಾತಾಡಿದರೆ ಬಗೆಹರಿಯುವ ಸಮಸ್ಯೆಯಿದು. ಲೀಗ್, ಟೂರ್ನಿಗೆ ಹೋದವರಿಗೆ ಪರೀಕ್ಷೆಯನ್ನು ಬೇರೆ ದಿನ ಬರೆಸಲಿ. ಕ್ರೀಡಾ ಹಾಸ್ಟೆಲ್‌ಗಳಲ್ಲಿ ಬೆಳಗಿನ ಅಭ್ಯಾಸದಷ್ಟೇ ಸಂಜೆಯ ಪಾಠವೂ ಕಡ್ಡಾಯವಾಗಲಿ. ಊರಿನ ಹುಡುಗ ತಂಡಕ್ಕೆ ಆಯ್ಕೆಯಾದಾಗ ಹಾರ ಹಾಕುವ ಹಿರಿಯರು, ಕೊನೆಯ ಸೆಮಿಸ್ಟರ್ ಮುಗಿಯಿತೇ ಎಂದೂ ಅವನನ್ನು ಕೇಳಲಿ.