ತಂತಿ ಕಟ್ಟೋದು ಡಾಕ್ಟ್ರ ಕೆಲಸ, ಉಳಿದದ್ದು ಮನ್ಯಾಗಿಂದು

"ಆಪರೇಶನ್ ಮಾಡ್ಲಿಲ್ಲ, ಹಲ್ಲಿಗೆ ತಂತಿ ಕಟ್ಟಿ ಮನಿಗೆ ಕಳಿಸ್ಯಾರ, ಇದೂ ಒಂದು ಇಲಾಜೇನು?" ಅಂತ ನಮ್ಮ ನೀರಮಾನ್ವಿ ಕಟ್ಟಿ ಮ್ಯಾಲೆ ಕುಂತವ್ರು ಅಂತಾರ. ಹೌದ್ರಿ ಅಕ್ಕೋರ, ಇದೂ ಇಲಾಜೇ.

ಗಾಡಿ ಮ್ಯಾಲಿಂದ ಬಿದ್ದು ಗದ್ದಕ್ಕ ಪೆಟ್ಟಾದ್ರ, ಎಷ್ಟೋ ಸಲ ಮುರಿಯೋದು ಕಿವಿ ಮುಂದಿನ ದವಡಿ ಕೀಲು. ಬಾಯಿ ತೆಗೆದಾಗ ಗದ್ದ ಒಂದು ಕಡಿಗೆ ವಾಲ್ತದ, ಹಲ್ಲಿಗೆ ಹಲ್ಲು ಕೂಡಂಗಿಲ್ಲ. ಹಂಗಾದ್ರ ಎಣ್ಣಿ ಹಚ್ಚಿ ತಿಕ್ಕಿಸ್ಕೋತ ಕೂಡಬ್ಯಾಡ್ರಿ. ರಾಯಚೂರಿನ್ಯಾಗ ನವೋದಯ, ಎ.ಎಂ.ಇ. ಅಂತ ಡೆಂಟಲ್ ಕಾಲೇಜು ಅವ, ಅಲ್ಲಿ ತೋರಿಸ್ರಿ.

ಆ ಕೀಲಿನ ಹತ್ರನ ಮುಖದ ನರ ಹಾದು ಹೋಗ್ತದ. ಕೊಯ್ದು ಪ್ಲೇಟ್ ಹಾಕುವಾಗ ಅದಕ್ಕ ಪೆಟ್ಟಾದ್ರ ಮುಖ ಸೊಟ್ಟ ಆಗಬಹುದು. ಅದಕ್ಕ ಎಲುಬು ಭಾಳ ಸರಿದಿರದಿದ್ರ, ಮ್ಯಾಲಿನ ಹಲ್ಲು ಕೆಳಗಿನ ಹಲ್ಲು ಕೂಡಿಸಿ ತಂತಿ ಇಲ್ಲಾ ರಬ್ಬರ್ ಹಾಕಿ ಒಂದೆರಡು ವಾರ, ಕೆಲವರಿಗೆ ಇನ್ನೂ ಹೆಚ್ಚು ದಿನ ಕಟ್ತಾರ. ಎಲುಬು ಭಾಳ ಬಾಗಿದ್ರ, ಕಟ್ಟಿದ್ರೂ ಹಲ್ಲು ಕೂಡದಿದ್ರ ಆಪರೇಶನ್ನೇ ಚಲೋ. ಅದನ್ನ ಸ್ಕ್ಯಾನ್ ನೋಡಿದವ್ರು ಹೇಳ್ಬೇಕು, ಕಟ್ಟಿ ಮ್ಯಾಲೆ ಕುಂತವ್ರಲ್ಲ.

ಆದ್ರ ಮುಂದಿನ ಕೆಲಸ ಮನ್ಯಾಗ ಅದ. ತೆಳ್ಳನ ಅಂಬಲಿ, ಬ್ಯಾಳಿ ಕಟ್ಟು, ಹಾಲು, ಮಜ್ಜಿಗಿ ಸ್ವಲ್ಪ ಸ್ವಲ್ಪ, ದಿನಕ್ಕ ಆರೇಳು ಸಲ ಕೊಡ್ಬೇಕು. ಉಂಡ ಮ್ಯಾಲೆ ಉಗುರುಬೆಚ್ಚನ ಉಪ್ಪುನೀರಿನಿಂದ ಬಾಯಿ ಮುಕ್ಕಳಿಸ್ಬೇಕು. ವಾಂತಿ ಬಂದು ಉಸಿರು ಕಟ್ಟಿದ್ರ ತಂತಿ ಎಲ್ಲಿ ಕತ್ತರಿಸ್ಬೇಕು ಅಂತ ಮೊದಲೇ ಡಾಕ್ಟ್ರ ಹತ್ರ ಕಲ್ತು, ಕಟರ್ ತಲಿದಿಂಬಿನ ಬಾಜೂಕ ಇಡ್ರಿ. ಅದು ಬಿಟ್ಟು "ಪಾಪ, ಎರಡು ತುತ್ತು ರೊಟ್ಟಿ ತಿನ್ಲಿ" ಅಂತ ರಬ್ಬರ್ ತೆಗಿಯೋದು ಪ್ರೀತಿ ಅಲ್ಲ.

ತಂತಿ ಬಿಚ್ಚಿದ ಮ್ಯಾಲೆ ಕನ್ನಡಿ ಮುಂದ ನಿಂತು, ಗದ್ದ ವಾಲದಂಗ ಬಾಯಿ ತೆಗೆಯೋದು ರೂಢಿ ಮಾಡ್ಬೇಕು. ತಮ್ಮವೇ ಮೂರು ಬೆರಳು ಒಂದರ ಮ್ಯಾಲೊಂದು ಹಿಡಿಯೋ ತನಕ ದಿನಾ ಮಾಡ್ಬೇಕು. ನೋವಂತ ಬಿಟ್ರ ಕೀಲು ಬಿಗಿತದ, ಕೆಲವರಿಗೆ ಆಮ್ಯಾಲೆ ಬಾಯಿನೇ ತೆರಿಯಂಗಿಲ್ಲ.

ಇಷ್ಟೆಲ್ಲಾ ಗಂಡಸಿಗೆ ಆದ್ರ ನಾವು ಮಾಡ್ತೀವಿ. ಹೆಂಗಸಿಗೆ ಆದ್ರ? ಬಾಯಿ ಕಟ್ಟಿಸ್ಕೊಂಡಾಕಿನೇ ಒಲಿ ಮುಂದ ಕುಂತು ಎಲ್ಲಾರಿಗೂ ರೊಟ್ಟಿ ಬಡೀತಾಳ, ತಾನು ಎರಡು ಗುಟುಕು ಚಾ ಕುಡ್ದು ಮಕ್ಕೋತಾಳ. "ಹಸಿವಾಗ್ಯದ" ಅನ್ನಾಕೂ ಆಕಿಗೆ ಬಾಯಿ ಇರಂಗಿಲ್ಲ. ಹಿಂಗಾದ್ರ ಮುರಿದ ಎಲುಬಿಗೆ ಬಲ ಎಲ್ಲಿಂದ ಬರ್ಬೇಕು? ಆಪರೇಶನ್ ಇಲ್ಲದ ಇಲಾಜು ಅಂದ್ರ ಪುಕ್ಕಟಿ ಇಲಾಜು ಅಲ್ರಿ. ಆ ಎರಡು ವಾರ ಆಕಿ ಪಾಲಿನ ರೊಟ್ಟಿ ಮನ್ಯಾಗ ಬ್ಯಾರೆಯವ್ರು ಬಡೀಬೇಕು, ಆಕಿ ಅಂಬಲಿ ಬ್ಯಾರೆಯವ್ರು ಕಾಸ್ಬೇಕು.