ಬರಿಗೋಡೆಯ ಪಟ

ಮನೆಯ ಪಟ ತೆಗೆಯಬೇಕೆಂದರೆ ನಾವೆಲ್ಲರೂ ಮಾಡುವುದು ಒಂದೇ. ಬೀದಿಯ ಆಚೆ ಬದಿಗೆ ಹೋಗಿ ನಿಂತು, ಮುಂಬಾಗಿಲು, ಜಗುಲಿ, ಮಾಡು, ಸಾಧ್ಯವಾದರೆ ಹಿತ್ತಲಿನ ತೆಂಗಿನಮರದ ತಲೆಯನ್ನೂ ಸೇರಿಸಿ, ಮನೆಯವರನ್ನೆಲ್ಲ ಮೆಟ್ಟಿಲ ಮೇಲೆ ನಿಲ್ಲಿಸಿ ಹಿಡಿದುಬಿಡುತ್ತೇವೆ. ಅದು ತಪ್ಪೆಂದು ಹೇಳಲು ನಾವು ಹೊರಟಿಲ್ಲ. ಆದರೆ ಅದಕ್ಕೆ ತೀರ ವಿರುದ್ಧವಾದ ಇನ್ನೊಂದು ಬಗೆಯುಂಟು. ಅದರಲ್ಲಿ ಮನೆಯೆಂಬುದು ಕಾಣುವುದೇ ಇಲ್ಲ. ಗೋಡೆಯ ಒಂದು ಅಂಚು, ಅದರ ಮೇಲೆ ಕಿಟಕಿಯ ಸರಳುಗಳ ನೆರಳು, ಹೆಚ್ಚೆಂದರೆ ಎರಡು ಮೆಟ್ಟಿಲು, ಮಿಕ್ಕದ್ದೆಲ್ಲವೂ ಬರಿದು. ಕಳೆದ ವರ್ಷ ನಾವೂ ಇದರಲ್ಲಿ ಕೈಯಾಡಿಸಿದೆವು. ಅದರ ಫಲವನ್ನು ವಾಚಕರ ಮುಂದಿಡಬೇಕೆಂದು ಈ ತಿಂಗಳು ಮನಸ್ಸಾಗಿದೆ.

ಈ ವಿದ್ಯೆ ಹೊಸತೇನೂ ಅಲ್ಲ. ಹುಟ್ಟಿ ನೂರು ವರ್ಷ ಮೀರಿತು. 1916ರ ಬೇಸಿಗೆಯಲ್ಲಿ ಪಾಲ್ ಸ್ಟ್ರಾಂಡ್ ಎಂಬ ಅಮೆರಿಕದ ತರುಣನು ಕನೆಕ್ಟಿಕಟ್ ಪ್ರಾಂತದ ಒಂದು ಮನೆಯಲ್ಲಿದ್ದಾಗ, ಅದರ ಮೊಗಸಾಲೆಯಲ್ಲಿದ್ದ ದುಂಡು ಮೇಜನ್ನೂ ಕಟಾಂಜನದ ನೆರಳನ್ನೂ ತನ್ನ ಯಂತ್ರದಲ್ಲಿ ಹಿಡಿದನು. ನೋಡಿದವರಿಗೆ ಮೊದಲು ಕಾಣುವುದು ಕಪ್ಪು ಬಿಳುಪಿನ ಪಟ್ಟೆಗಳು, ಓರೆಯಾದ ಒಂದು ಬಾಗು. ಮೇಜೆಂದು ಗೊತ್ತಾಗುವುದು ಆಮೇಲೆ. ಹೊಸ ಚಿತ್ರಕಾರರು ಆಕಾರಗಳನ್ನು ಹೇಗೆ ಜೋಡಿಸುತ್ತಾರೆಂಬುದನ್ನು ತಿಳಿಯಲೆಂದೇ ಅವನು ಆ ಪ್ರಯೋಗಗಳನ್ನು ಮಾಡಿದ್ದು. ಅದು ತಿಳಿದ ಮೇಲೆ ಅವನು ಜನರ ಮುಖಗಳತ್ತ, ಊರುಗಳತ್ತ ತಿರುಗಿದನು. ಇದು ನಮಗೆ ಬಹಳ ಹಿಡಿಸಿದ ಸಂಗತಿ.

ಆದರೆ ಮನೆಯ ಪಟವೆಂದರೆ ನಮಗೆ ನೆನಪಾಗುವವನು ಚಾರ್ಲ್ಸ್ ಶೀಲರ್. ಇವನು ಹೊಟ್ಟೆಪಾಡಿಗಾಗಿ ವಾಸ್ತುಶಿಲ್ಪಿಗಳಿಗೆ ಅವರು ಕಟ್ಟಿಸಿದ ಮನೆಗಳ ಪಟ ತೆಗೆದುಕೊಡುತ್ತಿದ್ದವನು. ಎಂದರೆ ಬೀದಿಯ ಆಚೆ ನಿಂತು ತೆಗೆಯುವ ಪಟದಲ್ಲಿ ಪಳಗಿದ ಕೈ. ಪೆನ್ಸಿಲ್ವೇನಿಯದ ಡಾಯಿಲ್ಸ್‌ಟೌನ್ ಎಂಬಲ್ಲಿ 1768ರಲ್ಲಿ ಕಟ್ಟಿದ ಸಣ್ಣದೊಂದು ಕಲ್ಲುಮನೆಯನ್ನು ಇವನೂ ಇವನ ಗೆಳೆಯ ಮಾರ್ಟನ್ ಶಾಂಬರ್ಗ್ ಎಂಬ ಚಿತ್ರಕಾರನೂ ಬಾಡಿಗೆಗೆ ಹಿಡಿದಿದ್ದರು. 1917ರ ಸುಮಾರಿಗೆ ಶೀಲರನು ಆ ಮನೆಯ ಒಳಗಿನ ಪಟಗಳ ಒಂದು ಮಾಲೆಯನ್ನೇ ತೆಗೆದನು. ಸುಣ್ಣದ ಗೋಡೆ, ತೆರೆದ ಕದ, ಕೆಳಗಿನಿಂದ ನೋಡಿದಾಗ ಮಡಿಕೆ ಮಡಿಕೆಯಾಗಿ ಕಾಣುವ ಮೆಟ್ಟಿಲು. ಒಂದರಲ್ಲಿ ಕಬ್ಬಿಣದ ಒಲೆಯ ಹಿಂದೆ ಪ್ರಖರವಾದ ದೀಪವಿಟ್ಟು, ಒಲೆಯನ್ನು ಬರಿಯ ಕರಿಯ ಆಕಾರವನ್ನಾಗಿ ಮಾಡಿದ್ದಾನೆ. ಹಗಲಿನ ಗಲಿಬಿಲಿ ಒಳಗೆ ಬರದಂತೆ ಕಿಟಕಿಯ ಗಾಜುಗಳು ಕಪ್ಪಾಗಿವೆ. ಆ ಮೆಟ್ಟಿಲು ಅವನನ್ನು ಬಿಡಲಿಲ್ಲ: 1925ರಲ್ಲಿ ಅದನ್ನೇ ಬಣ್ಣಗಳಲ್ಲಿ ಚಿತ್ರಿಸಿದನು. ಅವನ ಗೆಳೆಯ ಶಾಂಬರ್ಗನಾದರೋ 1918ರ ಇನ್‌ಫ್ಲುಯೆಂಜಾ ಪಿಡುಗಿನಲ್ಲಿ ತೀರಿಕೊಂಡನು. ಇಬ್ಬರು ಕೂಡಿ ಹಿಡಿದಿದ್ದ ಮನೆ. ಆ ಮಾಲೆಯ ಗೋಡೆ, ಕದ, ಮೆಟ್ಟಿಲುಗಳ ನಡುವೆ ಗೆಳೆಯನ ಮುಖಕ್ಕೆ ಎಡೆಯಿಲ್ಲ. ಇದನ್ನು ಓದಿದಾಗ ನಾವು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ನಮ್ಮ ಹಿರಿಯರ ಮನೆ ಹಳೆಯ ತೊಟ್ಟಿಮನೆ. ಅಣ್ಣನವರು ಹೋದ ಮೇಲೆ ಅತ್ತಿಗೆಯವರೊಬ್ಬರೇ ಅದರಲ್ಲಿರುವುದು ಕಷ್ಟವಾಯಿತು. ಮಾಡಿನ ಜಂತೆಗಳಿಗೆ ಗೆದ್ದಲು ಹತ್ತಿತ್ತು. ಪಾಲಿನವರೆಲ್ಲ ಒಪ್ಪಿ ಮಾರಿದೆವು. ಕೊಂಡವರು ಕೆಡವಿ ಹೊಸದಾಗಿ ಕಟ್ಟತಕ್ಕವರು. ಬೀಗದ ಕೈ ಕೊಡುವುದಕ್ಕೆ ಮುಂಚೆ ನಾವು ಮೂರು ದಿನ ಅಲ್ಲಿದ್ದು, ಮೊಬೈಲು ಫೋನಿನಲ್ಲಿಯೇ ಪಟಗಳನ್ನು ತೆಗೆದೆವು.

ಈ ಕೆಲಸಕ್ಕೆ ದೊಡ್ಡ ಯಂತ್ರ ಬೇಕಿಲ್ಲವೆಂಬುದನ್ನು ಇಲ್ಲಿ ಹೇಳಬೇಕು. ಬೆಳಗಿನ ಮತ್ತು ಸಂಜೆಯ ಓರೆ ಬಿಸಿಲು ಬೇಕು. ನಡುಹಗಲಿನಲ್ಲಿ ಗೋಡೆ ಸತ್ತಂತಿರುತ್ತದೆ. ಫೋನನ್ನು ಗೋಡೆಗೆ ಸಮನಾಗಿ, ನೆಟ್ಟಗೆ ಹಿಡಿಯಬೇಕು. ಮೇಲಕ್ಕೆ ಓರೆ ಮಾಡಿದರೆ ಕಂಬಗಳು ಒಂದರ ಮೇಲೊಂದು ವಾಲಿದಂತೆ ಬರುತ್ತವೆ. ಪರದೆಯ ಮೇಲೆ ಅತ್ಯಂತ ಬೆಳಕಾಗಿರುವ ಕಡೆಗೆ ಬೆರಳು ಮುಟ್ಟಿಸಿದರೆ ಪಟವೆಲ್ಲ ತುಸು ಮಂಕಾಗಿ, ನೆರಳು ಗಟ್ಟಿಯಾಗಿ ನಿಲ್ಲುತ್ತದೆ. ಬಣ್ಣವನ್ನು ತೆಗೆದುಹಾಕುವುದು ಲೇಸು, ಏಕೆಂದರೆ ಎಲ್ಲಿಯೋ ಮೂಲೆಯಲ್ಲಿರುವ ನೀಲಿಯ ಪ್ಲಾಸ್ಟಿಕ್ ಬಕೆಟ್ಟು ಕಣ್ಣನ್ನು ತನ್ನ ಕಡೆಗೇ ಎಳೆಯುತ್ತದೆ. ಇವೆಲ್ಲ ಅರ್ಧ ದಿನದಲ್ಲಿ ಬರುವ ವಿದ್ಯೆ. ಬಾರದಿರುವುದು ಬೇರೆ. ನಮಗೆ ನಡುಮನೆಯ ಕಂಬ ಕಂಬವಾಗಿ ಕಾಣುವುದಿಲ್ಲ. ಅದು ಮದುವೆಯಲ್ಲಿ ಬಾಳೆಯ ಗಿಡ ಕಟ್ಟಿದ ಕಂಬ. ಹೊಸ್ತಿಲು ಒಂದು ಅಡ್ಡಗೆರೆಯಲ್ಲ. ತಾಯಿಯವರು ಎಡವಿ ಬಿದ್ದ ಹೊಸ್ತಿಲು. ಹೆಸರುಗಳನ್ನು ಮರೆತು ಆಕಾರವನ್ನು ನೋಡಲು ನಮಗೆ ಎರಡು ದಿನ ಹಿಡಿಯಿತು. ಮೂರನೆಯ ಬೆಳಗ್ಗೆ ತೊಟ್ಟಿಯ ಬಿಸಿಲು ಒಂದು ಕಂಬದಿಂದ ಇನ್ನೊಂದಕ್ಕೆ ಸರಿಯುವುದನ್ನು ನೋಡುತ್ತ ಕುಳಿತಾಗ, ಹುಟ್ಟಿ ಬೆಳೆದ ಮನೆಯನ್ನು ಮೊದಲನೆಯ ಸಲ ನೋಡಿದಂತಾಯಿತು. ಆ ಸಂತೋಷ ಸುಳ್ಳಲ್ಲ, ಅದನ್ನು ನಾವು ಇಂದಿಗೂ ಅಲ್ಲಗಳೆಯುವುದಿಲ್ಲ.

ತಿಂಗಳೊಪ್ಪತ್ತಿನ ಮೇಲೆ ಪಟಗಳನ್ನು ಅಚ್ಚು ಹಾಕಿಸಿಕೊಂಡು ಅತ್ತಿಗೆಯವರಿಗೆ ತೋರಿಸಿದೆವು. ಅಷ್ಟರಲ್ಲಿ ಮನೆ ನೆಲಸಮವಾಗಿತ್ತು. ಅವರು ಕನ್ನಡಕ ಹಾಕಿಕೊಂಡು ನಾಲ್ಕೈದನ್ನು ಸುಮ್ಮನೆ ತಿರುವಿ, “ಏನಪ್ಪ ಇದು, ಬರೀ ಗೋಡೆ. ಮನೆ ಎಲ್ಲಿ?” ಎಂದರು. ಕೇಳಬಹುದಾದ ಮಾತೇ. ಆಮೇಲೆ ಒಂದು ಪಟ ಬಂತು: ಅಡಿಗೆಮನೆಯ ಬೆಳಕಿಂಡಿಯಿಂದ ಮಸಿ ಹಿಡಿದ ಗೋಡೆಗೆ ಬಿದ್ದ ಒಂದು ಓರೆ ಬೆಳಕು, ಮತ್ತೇನೂ ಇಲ್ಲ. ಅದನ್ನು ಬಹಳ ಹೊತ್ತು ಹಿಡಿದುಕೊಂಡಿದ್ದರು. “ಇದು ಹತ್ತು ಗಂಟೆ. ಮಕ್ಕಳು ಸ್ಕೂಲಿಗೆ ಹೋದಮೇಲೆ ಬೆಳಕು ಇಲ್ಲಿಗೆ ಬರೋದು. ಆಗ ನಾನು ಕಾಫಿಗಿಡ್ತಿದ್ದೆ” ಎಂದರು. ನಾವು ಗೆದ್ದೆವೆಂದುಕೊಂಡೆವು.

ನಡುಮನೆಯ ಪಟ ಬಂದಾಗ ಅವರು ಕೇಳಿದ್ದು ಇಷ್ಟು: “ನಿಮ್ಮಣ್ಣ ಒರಗಿಕೊಳ್ಳುತ್ತಿದ್ದ ಜಾಗ ಇದರಲ್ಲಿ ಇಲ್ಲವಲ್ಲ?”

ಅದು ಇರಲಿಲ್ಲ. ಕಂಬದ ಪಕ್ಕದ ಗೋಡೆಗೆ ಅಣ್ಣನವರು ಮೂವತ್ತು ವರ್ಷ ತಲೆಯೊರಗಿಸಿ ಕುಳಿತು ಪತ್ರಿಕೆ ಓದುತ್ತಿದ್ದರು. ಅಲ್ಲಿ ಎಣ್ಣೆಯ ಜಿಡ್ಡಿನ ಒಂದು ಕಲೆ, ಅಂಗೈಯಗಲ. ಎಷ್ಟು ಸಲ ಸುಣ್ಣ ಬಳಿದರೂ ಮತ್ತೆ ಮೇಲೆ ಬರುತ್ತಿತ್ತು. ನಾವು ಆ ಗೋಡೆಯನ್ನು ಹಿಡಿಯುವಾಗ ಬಿಳುಪು ಕೆಡುತ್ತದೆಂದು ಬೇಕೆಂದೇ ಎರಡಡಿ ಎಡಕ್ಕೆ ಸರಿದು ನಿಂತಿದ್ದೆವು. ಪಟ ಅಚ್ಚುಕಟ್ಟಾಗಿಯೇ ಬಂದಿತ್ತು. ತಪ್ಪನ್ನು ತಿದ್ದೋಣವೆಂದರೆ ಗೋಡೆಯೇ ಇರಲಿಲ್ಲ. ಏನು ಬೇಡವೆಂದು ಆರಿಸುವುದೇ ಈ ಬಗೆಯ ಪಟದ ಜೀವಾಳವೆಂದು ನಾವು ಓದಿದ್ದೆವು. ಯಾರಿಗೆ ಬೇಡ ಎಂದು ಕೇಳಿಕೊಂಡಿರಲಿಲ್ಲ.

ಎಲ್ಲ ಪಟಗಳನ್ನೂ ಮತ್ತೆ ಹುಡುಕಿದೆವು. ನಾವು ಕೆಟ್ಟುಹೋಯಿತೆಂದು ಬದಿಗಿಟ್ಟಿದ್ದ ಒಂದರಲ್ಲಿ, ಕೈ ಅಲುಗಿ ಚೌಕಟ್ಟು ಸರಿದು, ಬಲದ ಅಂಚಿನಲ್ಲಿ ಆ ಕಲೆಯ ಬೆರಳಗಲದಷ್ಟು ಸಿಕ್ಕಿತ್ತು. ಅತ್ತಿಗೆಯವರು ಅದನ್ನೇ ದೊಡ್ಡದು ಮಾಡಿಸಿಕೊಡಬೇಕೆಂದರು. ಮಾಡಿಸಿದೆವು. ದೊಡ್ಡದಾದಂತೆ ಕಲೆ ಇನ್ನೂ ಮಸುಕಾಯಿತು. ಬಿಳುಪು, ಅದರ ಪಕ್ಕದಲ್ಲಿ ಬೂದುಬಣ್ಣದ ಒಂದು ನೆರಳಿನಂಥದು. ಈಗ ಅದು ಅವರ ಹೊಸ ಮನೆಯ ಹಜಾರದಲ್ಲಿ ಕ್ಯಾಲೆಂಡರಿನ ಪಕ್ಕದಲ್ಲಿದೆ. ಬಂದವರು ಅದೇನೆಂದು ಕೇಳುತ್ತಾರೆ. ಅತ್ತಿಗೆಯವರು “ಗೋಡೆ” ಎಂದು ಹೇಳಿ, ಕಾಫಿಗಿಡಲು ಒಳಕ್ಕೆ ಹೋಗುತ್ತಾರೆ.