ವ್ರತ ಹಿಡಿಯುವ ಮೊದಲು ವೈದ್ಯರಿಗೊಂದು ಮಾತು



ಈ ಸಲ ವ್ಯಾಪಾರದ ಮಾತು ಬಿಟ್ಟು ಔಷಧದ ಮಾತು ಬರೆಯುತ್ತಿದ್ದೇವೆ. ನಾವು ವೈದ್ಯರಲ್ಲ. ಮ್ಯಾಟ್ರಿಕ್ ಮುಗಿಸಿ ಅಕ್ಕಲಕೋಟೆಯಲ್ಲಿ ತಕ್ಕಡಿ ಹಿಡಿದವರು. ಆದರೆ 2019ರಿಂದ ಎದೆಬಡಿತದ ಮಾತ್ರೆ ನುಂಗುತ್ತಿರುವವರು. ನಮಗಾದದ್ದು ಇನ್ನೊಂದು ಮನೆಯಲ್ಲಿ ಆಗಬಾರದೆಂದು ಈ ನಾಲ್ಕು ಮಾತು.

ನಮ್ಮ ಹೃದಯದ ಒಂದು ಕವಾಟ ಕಿರಿದಾಗಿದೆ. ಅದರಿಂದ ಬಡಿತ ತಾಳ ತಪ್ಪಿದೆ. ಇದಕ್ಕೆ ಏಟ್ರಿಯಲ್ ಫೈಬ್ರಿಲೇಶನ್ ಎನ್ನುತ್ತಾರೆ. ತಾಳ ತಪ್ಪಿದ ಹೃದಯದಲ್ಲಿ ರಕ್ತ ನಿಂತು ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಮೆದುಳಿಗೆ ಹೋದರೆ ಲಕ್ವ. ಹೀಗಾಗಿ ಬಡಿತ ನಿಧಾನವಾಗಲು ಡಿಗಾಕ್ಸಿನ್, ಹೆಪ್ಪುಗಟ್ಟದಿರಲು ವಾರ್ಫರಿನ್ ಕೊಟ್ಟಿದ್ದಾರೆ. ಈ ವಾರ್ಫರಿನ್ 1948ರಲ್ಲಿ ಇಲಿ ಪಾಷಾಣವಾಗಿ ಪೇಟೆಗೆ ಬಂದದ್ದು. 1954ರಲ್ಲಿ ಮನುಷ್ಯರ ಔಷಧವಾಯಿತು. ತೂಕ ಸರಿಯಿದ್ದರೆ ಔಷಧ, ತಪ್ಪಿದರೆ ವಿಷ. ಆ ತೂಕ ನೋಡುವ ರಕ್ತಪರೀಕ್ಷೆಯ ಹೆಸರು ಐ.ಎನ್.ಆರ್. ನಮಗೆ ಅದು 2ರಿಂದ 3ರೊಳಗೆ ಇರಬೇಕು.

2023ರ ಚಾತುರ್ಮಾಸದಲ್ಲಿ ತಪ್ಪಲ ಪಲ್ಯ ತ್ಯಾಗ ಮಾಡಿದೆವು. ಅದಕ್ಕೂ ಮೊದಲು ರೊಟ್ಟಿಯ ಜೊತೆ ದಿನವೂ ಮೆಂತ್ಯೆ, ಪಾಲಕ, ರಾಜಗಿರಿ ಇರುತ್ತಿತ್ತು. ಆ ನಡುವೆ ಮೊಣಕಾಲು ನೋವೆಂದು ಔಷಧದಂಗಡಿಯಿಂದ ನೋವಿನ ಗುಳಿಗೆಯನ್ನೂ ತರಿಸಿಕೊಂಡೆವು. ಮೂರನೆಯ ವಾರ ಹಲ್ಲುಜ್ಜುವಾಗ ಒಸಡಿನಿಂದ ರಕ್ತ ಬಂತು. ತೋಳಿನ ಮೇಲೆ ಕಪ್ಪು ಕಲೆ.

"ಇದೇನ್ರೀ, ಎಲ್ಲಿ ಬಡಿಸಿಕೊಂಡ್ರಿ?" ಎಂದರು ಮನೆಯವರು. ಎಲ್ಲಿಯೂ ಬಡಿಸಿಕೊಂಡಿರಲಿಲ್ಲ.

ಮಗ ಅದೇ ದಿನ ಸೊಲ್ಲಾಪುರಕ್ಕೆ ಕರೆದೊಯ್ದ. ಐ.ಎನ್.ಆರ್. 6 ದಾಟಿತ್ತು. "ಊಟದಾಗ ಏನರ ಬದಲಾಗೇದ ಏನ್ರಿ?" ಎಂದು ವೈದ್ಯರು ಕೇಳಿದರು. "ಏನೂ ಇಲ್ಲ" ಎಂದುಬಿಟ್ಟೆವು. ಮಗನೇ ನೆನಪು ಮಾಡಿದ: "ಅಪ್ಪಾಜಿ, ತಪ್ಪಲ ಪಲ್ಯ ಬಿಟ್ಟೀರಲ್ಲ!"

ವೈದ್ಯರು ತಿಳಿಸಿ ಹೇಳಿದರು. ಹಸಿರು ಸೊಪ್ಪಿನಲ್ಲಿ ವಿಟಮಿನ್ ಕೆ ಇದೆ. ಅದು ವಾರ್ಫರಿನ್‌ಗೆ ಎದುರು ಕೆಲಸ ಮಾಡುತ್ತದೆ. ನಮ್ಮ ಮಾತ್ರೆಯ ಪ್ರಮಾಣ ಗೊತ್ತುಮಾಡಿದ್ದು ದಿನವೂ ಸೊಪ್ಪು ತಿನ್ನುತ್ತಿದ್ದಾಗ. ಸೊಪ್ಪು ನಿಂತಿತು, ಅದೇ ಮಾತ್ರೆಯ ಬಲ ಹೆಚ್ಚಿತು. ಮೇಲೆ ನೋವಿನ ಗುಳಿಗೆ ರಕ್ತಸ್ರಾವದ ಭಯವನ್ನು ಇನ್ನಷ್ಟು ಕೂಡಿಸಿತು. ತಪ್ಪು ವ್ರತದ್ದಲ್ಲ, ಹೇಳದೆ ಹಿಡಿದ ನಮ್ಮದು. ವೈದ್ಯರೂ ವ್ರತ ಬಿಡಿ ಎನ್ನಲಿಲ್ಲ. ಮಾತ್ರೆಯನ್ನು ಎರಡು ದಿನ ನಿಲ್ಲಿಸಿ, ಪ್ರಮಾಣ ಇಳಿಸಿ, ವಾರವಾರ ರಕ್ತ ನೋಡಿದರು. ಕಾರ್ತಿಕ ಮುಗಿದು ಸೊಪ್ಪು ಶುರುವಾದಾಗ ಮತ್ತೆ ನೋಡಿ ಏರಿಸಿದರು. ವ್ರತವೂ ಉಳಿಯಿತು, ಜೀವವೂ ಉಳಿಯಿತು.

ಅಂದಿನಿಂದ ಕೇಳಿ ತಿಳಿದ ಇನ್ನೂ ಕೆಲವು ಸಂಗತಿ. ಎದೆಬಡಿತಕ್ಕೆ ಕೊಡುವ ಅಮಿಯೊಡರೋನ್ ಸೇರಿದರೆ ವಾರ್ಫರಿನ್, ಡಿಗಾಕ್ಸಿನ್ ಎರಡರ ಬಲವೂ ಏರುತ್ತದೆ; ಅದನ್ನು ನಿಲ್ಲಿಸಿದ ಮೇಲೂ ತಿಂಗಳುಗಟ್ಟಲೆ ಮೈಯಲ್ಲಿರುತ್ತದೆ. ಭೇದಿಗೆಂದು ಅಂಗಡಿಯಲ್ಲಿ ಕೇಳಿ ತರುವ ಮೆಟ್ರೊನಿಡಜೋಲ್ ಕೂಡ ವಾರ್ಫರಿನ್ ಬಲ ಏರಿಸುತ್ತದೆ. ಬಾವಿಗೆಂದು ನೀರಿಳಿಸುವ ಮಾತ್ರೆ ನುಂಗುವವರಿಗೆ ಪೊಟ್ಯಾಸಿಯಂ ಕಡಿಮೆಯಾಗಬಹುದು. ಆಗ ಡಿಗಾಕ್ಸಿನ್ ವಿಷವಾಗಿ ಹಸಿವು ಹೋಗುತ್ತದೆ, ವಾಕರಿಕೆ ಬರುತ್ತದೆ, ಕಣ್ಣಿಗೆ ಹಳದಿ ಕಾಣಬಹುದು. ಇದನ್ನು ಉಪವಾಸದ ಆಯಾಸವೆಂದು ತಿಳಿದು ಸುಮ್ಮನಿರಬಾರದು.

ರಾತ್ರಿ ಮಾತ್ರೆ ಎಂದು ಬರೆದುಕೊಟ್ಟರೆ, ಸೂರ್ಯಾಸ್ತದ ನಂತರ ನೀರೂ ಮುಟ್ಟುವುದಿಲ್ಲವೆಂದು ಅಲ್ಲಿಯೇ ಹೇಳಬೇಕು. ನಮಗೆ ವೈದ್ಯರು ಸಂಜೆ 5 ಗಂಟೆ ಗೊತ್ತುಮಾಡಿದ್ದಾರೆ. ತಾವಾಗಿಯೇ ಮಾತ್ರೆ ಬಿಡುವುದಾಗಲಿ, ಮರುದಿನ ಎರಡು ಕೂಡಿ ನುಂಗುವುದಾಗಲಿ ಬೇಡ.

ಈಗ ನಮ್ಮ ಗಲ್ಲೆಯ ಪಕ್ಕದಲ್ಲಿ ಕಿರ್ದಿಯ ಜೊತೆ ಇನ್ನೊಂದು ಸಣ್ಣ ವಹಿ ಇದೆ. ಮಾತ್ರೆಯ ಹೆಸರು, ಪ್ರಮಾಣ, ಹೊತ್ತು, ಐ.ಎನ್.ಆರ್., ಹಿಡಿದ ವ್ರತ, ಬಿಟ್ಟ ಪದಾರ್ಥ ಎಲ್ಲ ಅದರಲ್ಲಿ ಜಮೆ. ಯಾವ ವೈದ್ಯರ ಬಳಿ ಹೋದರೂ, ಹಲ್ಲಿನವರಾದರೂ ಸರಿ, ಮೊದಲು ಅದನ್ನೇ ಮುಂದಿಡುತ್ತೇವೆ. ನಿಮ್ಮ ಮನೆಯ ಹಿರಿಯರಿಗೂ ಇಂದೇ ಒಂದು ವಹಿ ಹಾಕಿಕೊಡಿ.